‘ಹಂತಹಂತವಾಗಿ’ ಅನ್ನೋ ಪದ ಮತ್ತು ಕೋಲಾರದ ಮಕ್ಕಳ ಹಲ್ಲು

ಹವಾಮಾನ ಬದಲಾವಣೆ ಮತ್ತು ಮಕ್ಕಳು ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಒಂದೇ ಚಿತ್ರ. ರಟ್ಟಿನ ಫಲಕ ಹಿಡಿದು ರಸ್ತೆಯಲ್ಲಿ ನಿಂತ ಹುಡುಗಿ. 2018ರಲ್ಲಿ ಗ್ರೇಟಾ ಥನ್‌ಬರ್ಗ್ ಸ್ವೀಡನ್ನಿನ ಸಂಸತ್ತಿನ ಎದುರು ಕೂತಾಗಿನಿಂದ ಪೋಸ್ಟರು, ಪಠ್ಯಪುಸ್ತಕ, ಕಂಪನಿಗಳ ಪರಿಸರ ದಿನದ ಇಮೇಲ್ ಎಲ್ಲ ಕಡೆ ಇದೇ ಚಿತ್ರ. ಅವಳ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆದರೆ ಈ ಒಂದೇ ಚಿತ್ರ ಎಲ್ಲ ಗೋಡೆಗಳನ್ನೂ ತುಂಬಿಕೊಂಡಾಗ ಇನ್ನೊಂದು ಮಗು ಕಾಣಿಸೋದೇ ಇಲ್ಲ. ಅದು ಯಾವ ಮೆರವಣಿಗೆಗೂ ಹೋಗಿಲ್ಲ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತೆ, ಯಾಕಂದ್ರೆ ಹಲ್ಲಿನ ಮೇಲೆ ಕಂದು ಪಟ್ಟೆ ಇದೆ. ಆ ಮಗು ಇರೋದು ಬೆಂಗಳೂರಿನಿಂದ ಸುಮಾರು ಎಪ್ಪತ್ತು ಕಿಲೋಮೀಟರ್ ದೂರದಲ್ಲಿ, ಕೋಲಾರ ಜಿಲ್ಲೆಯಲ್ಲಿ.

ನಾನಿಲ್ಲಿ ವಿಮರ್ಶೆ ಮಾಡಹೊರಟಿರೋದು ಕಾದಂಬರಿಯನ್ನೋ ಸಿನಿಮಾವನ್ನೋ ಅಲ್ಲ, ಒಂದು ಸರ್ಕಾರಿ ಮಾದರಿಯ ದಾಖಲೆಯನ್ನ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2023ರ ಆಗಸ್ಟ್‌ನಲ್ಲಿ ಹೊರತಂದ ‘ಜನರಲ್ ಕಾಮೆಂಟ್ 26’. ಮಕ್ಕಳ ಹಕ್ಕು ಮತ್ತು ಪರಿಸರ, ಅದರಲ್ಲೂ ಹವಾಮಾನ ಬದಲಾವಣೆ, ಇದರ ವಿಷಯ. ಹೆಸರು ಕೇಳಿದ್ರೆ ಯಾರೋ ಫೇಸ್‌ಬುಕ್‌ನಲ್ಲಿ ಹಾಕಿದ ಕಾಮೆಂಟ್ ಥರ ಇದೆ, ಆದರೆ ಇದು ತೂಕದ ದಾಖಲೆ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸಹಿ ಹಾಕಿದ ದೇಶಗಳು ಆ ಒಡಂಬಡಿಕೆಯನ್ನ ಹೇಗೆ ಅರ್ಥ ಮಾಡಿಕೊಳ್ಳಬೇಕು ಅಂತ ಸಮಿತಿ ಅಧಿಕೃತವಾಗಿ ವಿವರಿಸೋದು ಹೀಗೆ. ಭಾರತ ಈ ಒಡಂಬಡಿಕೆಗೆ ಸೇರಿದ್ದು 1992ರ ಡಿಸೆಂಬರ್‌ನಲ್ಲಿ. ಅಂದರೆ ಈ ಮಾತುಗಳು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮಕ್ಕಳಿಗೂ ಸೇರಿಯೇ ಬರೆದವು.

ಮೊದಲು ಹೊಗಳಬೇಕಾದ್ದನ್ನ ಹೊಗಳಿಬಿಡೋಣ. ಈ ದಾಖಲೆ ಬರೆಯೋಕೆ ಮುಂಚೆ ಸಮಿತಿ ಮಕ್ಕಳನ್ನೇ ಕೇಳಿತು. 121 ದೇಶಗಳ ಮಕ್ಕಳಿಂದ 16,331 ಅಭಿಪ್ರಾಯಗಳು ಬಂದವು. ನಮ್ಮಲ್ಲಿ ಅಪಾರ್ಟ್‌ಮೆಂಟ್‌ನ ಆಟದ ಮೈದಾನ ಬದಲಾಯಿಸುವಾಗಲೂ ಮಕ್ಕಳನ್ನ ಯಾರೂ ಕೇಳೋದಿಲ್ಲ, ಹಾಗಾಗಿ ಇದು ಸಣ್ಣ ವಿಷಯ ಅಲ್ಲ. ಸ್ವಚ್ಛ, ಆರೋಗ್ಯಕರ ಪರಿಸರ ಮಕ್ಕಳ ಹಕ್ಕು ಅಂತ ದಾಖಲೆ ನೇರವಾಗಿ ಹೇಳುತ್ತೆ. ಮುಂದೆ ಆಗಬಹುದು ಅಂತ ಮೊದಲೇ ಗೊತ್ತಿರುವ ಹಾನಿಗೆ ಸರ್ಕಾರ ಹೊಣೆ ಅನ್ನುತ್ತೆ. ಖಾಸಗಿ ಉದ್ಯಮಗಳು ಮಾಡುವ ಹಾನಿಯನ್ನ ತಡೆಯೋದೂ ಸರ್ಕಾರದ ಕೆಲಸ ಅಂತ ನೆನಪಿಸುತ್ತೆ. ಇದೆಲ್ಲ ಒಳ್ಳೆಯದೇ.

ಇನ್ನು ಇದನ್ನ ಕೋಲಾರದಲ್ಲಿ ಕೂತು ಓದೋಣ.

ಕೋಲಾರದ್ದು ವಿಚಿತ್ರ ಭೂಗೋಳ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಮಳೆ ವರ್ಷಕ್ಕೆ ಸರಾಸರಿ 700ರಿಂದ 750 ಮಿಲಿಮೀಟರ್. ಇಷ್ಟರಲ್ಲೇ ಬದುಕೋಕೆ ಹಿಂದಿನವರು ಸಾವಿರಾರು ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ತೂಬು ಎತ್ತೋಕೆ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳೋಕೆ ಊರಿಗೊಬ್ಬ ನೀರಗಂಟಿ. ಆ ವ್ಯವಸ್ಥೆಯಲ್ಲಿ ಜಾತಿಯ ಅನ್ಯಾಯ ಧಾರಾಳವಾಗಿತ್ತು, ಅದನ್ನ ಮರೆತು ಹಳೆಯದನ್ನ ಹಾಡಿ ಹೊಗಳೋದು ಬೇಡ. ಆದರೆ ಒಂದಂತೂ ನಿಜ, ಕೆರೆಯಲ್ಲಿ ನೀರಿದ್ದಾಗ ಜನ ಕುಡೀತಿದ್ದದ್ದು ಮೇಲ್ಪದರದ ನೀರು. ತೆರೆದ ಬಾವಿಯ ನೀರು.

ಆಮೇಲೆ ಬೋರ್‌ವೆಲ್ ಬಂತು. ನೂರು ಅಡಿ, ಮುನ್ನೂರು ಅಡಿ, ಸಾವಿರ ಅಡಿ, ಅದನ್ನೂ ದಾಟಿ ಕೆಳಗೆ. ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕದಲ್ಲಿ ಈ ಜಿಲ್ಲೆಯ ತಾಲ್ಲೂಕುಗಳು ಎಷ್ಟೋ ವರ್ಷಗಳಿಂದ ‘ಅತಿಬಳಕೆ’ಯ ಪಟ್ಟಿಯಲ್ಲಿವೆ. ವರ್ಷಕ್ಕೆ ಭೂಮಿಯೊಳಗೆ ಇಳಿಯೋದಕ್ಕಿಂತ ಮೇಲೆತ್ತೋದೇ ಜಾಸ್ತಿ ಅಂತ ಅರ್ಥ. ಅಷ್ಟು ಆಳದಲ್ಲಿ ಇರೋದು ಗ್ರಾನೈಟ್ ಮತ್ತು ಅದರ ಸಂಬಂಧಿ ಗಟ್ಟಿ ಕಲ್ಲುಗಳು. ಆ ಕಲ್ಲಿನಲ್ಲಿರುವ ಖನಿಜಗಳಲ್ಲಿ ಫ್ಲೋರೈಡ್ ಇದೆ. ಕಲ್ಲಿನ ಬಿರುಕುಗಳಲ್ಲಿ ನೀರು ಹೆಚ್ಚು ಕಾಲ ನಿಂತಷ್ಟೂ ಫ್ಲೋರೈಡ್ ಅದರಲ್ಲಿ ಕರಗುತ್ತೆ. ಭಾರತೀಯ ಮಾನಕ ಬ್ಯೂರೊ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಸಹಿಸಬಹುದು. ಅದನ್ನ ಮೀರಿದ ಬೋರ್‌ವೆಲ್‌ಗಳು ಕೋಲಾರ ಜಿಲ್ಲೆಯಲ್ಲಿ ಇವೆ ಅನ್ನೋದು ದಶಕಗಳಿಂದ ಸರ್ಕಾರಕ್ಕೆ ಗೊತ್ತಿರುವ ವಿಷಯ. ಈ ನೀರಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಕುದಿಸಿದರೆ ಫ್ಲೋರೈಡ್ ಹೋಗೋದಿಲ್ಲ. ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅದು ಇನ್ನಷ್ಟು ಗಾಢವಾಗುತ್ತೆ. ‘ಕಾಯಿಸಿ ಕುಡಿಸಿ’ ಅನ್ನೋ ತಾಯಂದಿರ ಎಚ್ಚರಿಕೆ ಇಲ್ಲಿ ಕೆಲಸಕ್ಕೆ ಬರೋದಿಲ್ಲ.

ಮಕ್ಕಳ ಹಕ್ಕಿನ ಪ್ರಶ್ನೆ ಶುರುವಾಗೋದು ಇಲ್ಲಿಂದ. ಶಾಶ್ವತ ಹಲ್ಲುಗಳ ಎನಾಮೆಲ್, ಅಂದರೆ ಹೊರಗಿನ ಗಟ್ಟಿ ಪದರ, ವಸಡಿನೊಳಗೆ ತಯಾರಾಗೋದು ಹುಟ್ಟಿದಾಗಿನಿಂದ ಸುಮಾರು ಎಂಟು ವರ್ಷದ ತನಕ. ಆ ಅವಧಿಯಲ್ಲಿ ಹೆಚ್ಚು ಫ್ಲೋರೈಡ್ ಕುಡಿದರೆ ಹಲ್ಲಿನ ಮೇಲೆ ಬಿಳಿ ಮಚ್ಚೆ, ಹಳದಿ, ಕಂದು ಪಟ್ಟೆ, ಜೋರಾಗಿದ್ದರೆ ಗುಳಿ. ಎಂಟು ವರ್ಷ ದಾಟಿದ ಮೇಲೆ ಆ ಊರಿಗೆ ಕಾವೇರಿ ನೀರೇ ಬಂದರೂ ಆಗಿದ್ದು ಆಗಿಹೋಯಿತು. ಎನಾಮೆಲ್ ಮತ್ತೆ ಬೆಳೆಯೋದಿಲ್ಲ. ಇನ್ನೂ ಹೆಚ್ಚು ಪ್ರಮಾಣದ ಫ್ಲೋರೈಡನ್ನ ವರ್ಷಗಟ್ಟಲೆ ಕುಡಿದರೆ ಅದು ಮೂಳೆಗೆ ಇಳಿಯುತ್ತೆ. ಕೀಲು ಬಿಗಿಯುತ್ತೆ, ಬೆನ್ನು ಬಗ್ಗುತ್ತೆ. ದೊಡ್ಡವರ ಹಲ್ಲು ಆಗಲೇ ಬೆಳೆದಿರುತ್ತೆ. ಅದೇ ನಲ್ಲಿ, ಅದೇ ಬಿಂದಿಗೆ, ಅದೇ ನೀರು, ಆದರೂ ಅಜ್ಜನ ಬಾಯಲ್ಲಿ ಇಲ್ಲದ ಪಟ್ಟೆ ಮೊಮ್ಮಗಳ ಬಾಯಲ್ಲಿರುತ್ತೆ.

ಹವಾಮಾನ ಇದರಲ್ಲಿ ಎಲ್ಲಿ ಬಂತು ಅಂತ ಕೇಳ್ತೀರಾ? ಕೇಳಲೇಬೇಕು. ಫ್ಲೋರೈಡ್ ಇರೋದು ಕಲ್ಲಿನಲ್ಲಿ, ಕಾರ್ಬನ್ ಡೈಆಕ್ಸೈಡ್ ಅದನ್ನ ತಂದು ಹಾಕಿಲ್ಲ. ಹವಾಮಾನ ಬದಲಾವಣೆ ಇಲ್ಲಿ ಮಾಡೋದು ಇರುವ ಗಾಯವನ್ನ ಆಳ ಮಾಡೋ ಕೆಲಸ, ಅದೂ ಎರಡು ದಾರಿಯಿಂದ. ಮೊದಲನೆಯದು ಮಳೆಯ ಸ್ವಭಾವ. ನಾಲ್ಕೈದು ತಿಂಗಳಲ್ಲಿ ಹಂಚಿ ಬೀಳಬೇಕಾದ್ದು ಒಂದೇ ಸಲ ಸುರಿಯೋದು, ಆಮೇಲೆ ವರ್ಷಗಟ್ಟಲೆ ಕೈಕೊಡೋದು. 2021ರ ನವೆಂಬರಿನಲ್ಲಿ ಕೋಲಾರದಲ್ಲಿ ಸುರಿದ ಮಳೆಗೆ ಎಷ್ಟೋ ವರ್ಷ ತುಂಬದಿದ್ದ ಕೆರೆಗಳು ಕೋಡಿ ಹರಿದವು, ಕಟಾವಿಗೆ ಬಂದಿದ್ದ ರಾಗಿ ಹೊಲದಲ್ಲೇ ನೆನೆದು ಮೊಳಕೆ ಒಡೆಯಿತು. ಎರಡೇ ವರ್ಷ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತು. ಬರ ಬಂದಾಗ ಪಂಚಾಯಿತಿ ಮಾಡೋದು ಏನು? ಇನ್ನೊಂದು ಬೋರ್‌ವೆಲ್, ಹಿಂದಿನದಕ್ಕಿಂತ ಆಳಕ್ಕೆ. ಕಲ್ಲಿನೊಳಗೆ ಇನ್ನೂ ಹಳೆಯ ನೀರಿಗೆ.

ಎರಡನೆಯದು ಸೆಕೆ. ಬಿಸಿಲು ಹೆಚ್ಚಾದಷ್ಟೂ ಮಗು ಹೆಚ್ಚು ನೀರು ಕುಡಿಯುತ್ತೆ. ಲೀಟರಿಗೆ ಇರುವ ಫ್ಲೋರೈಡ್ ಅಷ್ಟೇ ಇದ್ದರೂ ಹೊಟ್ಟೆಗೆ ಹೋಗುವ ಒಟ್ಟು ಪ್ರಮಾಣ ಏರುತ್ತೆ. ಇದನ್ನ ನಾನು ಕಂಡುಹಿಡಿದಿದ್ದಲ್ಲ. ಫ್ಲೋರೈಡಿನ ಮಿತಿ ನಿಗದಿ ಮಾಡುವಾಗ ಆ ದೇಶದ ಹವೆ ಮತ್ತು ಜನ ಕುಡಿಯುವ ನೀರಿನ ಪ್ರಮಾಣ ನೋಡಿಕೊಳ್ಳಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ತಾಪಮಾನ ಏರುವ ಪ್ರತಿ ಬೇಸಿಗೆಯೂ 1.5 ಅನ್ನೋ ಗೆರೆಯನ್ನ ಮಗುವಿನ ಪಾಲಿಗೆ ಸಡಿಲ ಮಾಡುತ್ತೆ. ಬೋರ್ಡಿನಲ್ಲಿ ಬರೆದ ಸಂಖ್ಯೆ ಮಾತ್ರ ಅಲ್ಲಾಡೋದಿಲ್ಲ.

ಒಂದು ಎಚ್ಚರಿಕೆ ಇಲ್ಲಿ ಬೇಕು. ಎಲ್ಲದಕ್ಕೂ ‘ಕ್ಲೈಮೇಟ್ ಚೇಂಜ್’ ಅಂದುಬಿಟ್ಟರೆ ಸ್ಥಳೀಯ ಕಳ್ಳರೆಲ್ಲ ಹಿಂಬಾಗಿಲಿನಿಂದ ಪಾರಾಗ್ತಾರೆ. ಎಂಬತ್ತರ ದಶಕದಲ್ಲಿ ‘ಸಾಮಾಜಿಕ ಅರಣ್ಯ’ ಅನ್ನೋ ಚಂದದ ಹೆಸರಿನಲ್ಲಿ, ವಿಶ್ವಬ್ಯಾಂಕಿನ ಸಾಲ ತಂದು, ಕೋಲಾರದ ರಾಗಿ ಹೊಲಗಳಲ್ಲಿ ನೀಲಗಿರಿ ಬೆಳೆಸಿದ್ದು ಯಾವ ಹವಾಮಾನ? ಆಗಲೇ ಅದಕ್ಕೆ ಜೋರು ವಿರೋಧ ಇತ್ತು. ಹೊಸದಾಗಿ ನೀಲಗಿರಿ ನೆಡೋದನ್ನ ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಕೆರೆಗೆ ನೀರು ತರುವ ಕಾಲುವೆಗಳನ್ನ ಒತ್ತುವರಿ ಮಾಡಿದ್ದು, ಹಳ್ಳದ ಮರಳನ್ನ ಲಾರಿಗೆ ತುಂಬಿದ್ದು, ಹೂಳು ಎತ್ತದೆ ಬಿಟ್ಟಿದ್ದು, ಇವೆಲ್ಲ ಮನುಷ್ಯರು ಹಗಲು ಹೊತ್ತಿನಲ್ಲಿ ಮಾಡಿದ ಕೆಲಸಗಳು. ಹವಾಮಾನದ ಮಾತು ಇದನ್ನ ಮುಚ್ಚುವ ಚಾದರ ಆಗಬಾರದು. ಜಿನೀವಾದ ದಾಖಲೆಯ ಮೇಲೆ ನನ್ನ ಮೊದಲನೆಯ ಆಕ್ಷೇಪ ಇದೇ. ಅದರ ತೂಕ ಜಾಗತಿಕ ಕಾರಣಗಳ ಕಡೆಗಿದೆ. ಕೋಲಾರದಂಥ ಕಡೆ ಜಾಗತಿಕ ಕಾರಣ ಮತ್ತು ಪಕ್ಕದ ಮನೆಯ ಕಾರಣ ಒಂದೇ ಬಿಂದಿಗೆಯಲ್ಲಿ ಬೆರೆತು ಬರುತ್ತವೆ. ಯಾವುದು ಎಷ್ಟು ಅಂತ ಬಿಡಿಸಿ ಹೇಳೋರು ಇಲ್ಲದಿದ್ದರೆ ಯಾರೂ ಹೊಣೆ ಹೊರೋದಿಲ್ಲ.

ಎರಡನೆಯ ಆಕ್ಷೇಪ ಒಂದು ಪದದ ಬಗ್ಗೆ. ಮಕ್ಕಳ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿಯಲ್ಲಿ ಶುದ್ಧ ಕುಡಿಯುವ ನೀರಿನ ಮಾತು ಇದೆ. ಆದರೆ 4ನೇ ವಿಧಿ ಆರ್ಥಿಕ, ಸಾಮಾಜಿಕ ಹಕ್ಕುಗಳನ್ನ ‘ಇರುವ ಸಂಪನ್ಮೂಲದ ಮಿತಿಯಲ್ಲಿ’ ಜಾರಿ ಮಾಡಿ ಅನ್ನುತ್ತೆ. ಭಾರತ 1992ರಲ್ಲಿ ಸೇರುವಾಗಲೇ ಒಂದು ಹೇಳಿಕೆ ಲಗತ್ತಿಸಿತು. ಅಭಿವೃದ್ಧಿಶೀಲ ದೇಶದಲ್ಲಿ ಇಂಥ ಹಕ್ಕುಗಳನ್ನ ‘ಹಂತಹಂತವಾಗಿ’ ಮಾತ್ರ ಜಾರಿ ಮಾಡೋಕೆ ಸಾಧ್ಯ ಅನ್ನೋದು ಅದರ ಸಾರ. ಅದರ ಮುಖ್ಯ ಗುರಿ ಬಾಲಕಾರ್ಮಿಕರ ವಿಷಯವಾದರೂ ಆ ಪದ ಎಲ್ಲ ಇಲಾಖೆಗಳ ಕಡತಕ್ಕೂ ಒಗ್ಗುತ್ತೆ. ದುಡ್ಡಿಲ್ಲದ ದೇಶ ಎಲ್ಲವನ್ನೂ ಒಂದೇ ದಿನ ಮಾಡೋಕಾಗಲ್ಲ, ಒಪ್ಪೋಣ. ರಸ್ತೆ ಹಂತಹಂತವಾಗಿ ಆಗಬಹುದು. ಶಾಲೆಗೆ ಕಂಪ್ಯೂಟರ್ ಹಂತಹಂತವಾಗಿ ಬರಬಹುದು. ಹಲ್ಲು ಹಾಗಲ್ಲ. ಅದಕ್ಕೆ ಒಂದೇ ಹಂತ, ಎಂಟು ವರ್ಷ. ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ ಇದು ಮುಂದೂಡೋಕೆ ಆಗದ ಡೆಡ್‌ಲೈನ್.

ಈಗ ನಮ್ಮ ಯೋಜನೆಗಳ ಕ್ಯಾಲೆಂಡರ್ ಪಕ್ಕದಲ್ಲಿಟ್ಟು ನೋಡಿ. ಕೋಲಾರ, ಚಿಕ್ಕಬಳ್ಳಾಪುರದಂಥ ಬಯಲುಸೀಮೆ ಜಿಲ್ಲೆಗಳಿಗೆ ಕುಡಿಯುವ ನೀರು ಕೊಡ್ತೀವಿ ಅಂತ ಎತ್ತಿನಹೊಳೆ ಯೋಜನೆಗೆ ಅಡಿಗಲ್ಲು ಹಾಕಿದ್ದು 2014ರ ಮಾರ್ಚ್‌ನಲ್ಲಿ. ಪಶ್ಚಿಮ ಘಟ್ಟದ ಕಾಡಿಗೆ ಅದು ಮಾಡಿದ ಹಾನಿಯ ವಾದ ಒಂದು ಕಡೆ ಇರ್ಲಿ, ಅದೇ ಇನ್ನೊಂದು ಲೇಖನ. ಅಂದಾಜು ವೆಚ್ಚ ಮೊದಲು ಸುಮಾರು 8,323 ಕೋಟಿ, ಆಮೇಲೆ 12,912 ಕೋಟಿ, 2023ರಲ್ಲಿ 23,251 ಕೋಟಿ. ಮೊದಲ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಸಕಲೇಶಪುರದ ಕಡೆ. ಮುಂದಿನ ಕಾಲುವೆ ಮುಗಿದಿರಲಿಲ್ಲ, ಹಾಗಾಗಿ ಆಗ ಎತ್ತಿದ ನೀರನ್ನ ವಾಣಿವಿಲಾಸ ಸಾಗರದ ಕಡೆಗೆ ಬಿಟ್ಟರು. ಅಡಿಗಲ್ಲು ಹಾಕಿದ ತಿಂಗಳು ಮುಳಬಾಗಿಲಿನ ಒಂದು ಹಳ್ಳಿಯಲ್ಲಿ ಹುಟ್ಟಿದ ಮಗುವಿಗೆ ಆ ದಿನ ಹತ್ತೂವರೆ ವರ್ಷ. ಅದರ ಹಲ್ಲಿನ ಕೆಲಸ ಎರಡೂವರೆ ವರ್ಷದ ಹಿಂದೆಯೇ ಮುಗಿದಿತ್ತು.

ಯೋಜನೆ ತಡವಾಯ್ತು ಅಂದಾಗ ನಾವು ಲೆಕ್ಕ ಹಾಕೋದು ದುಡ್ಡನ್ನ. 8 ಸಾವಿರ ಕೋಟಿ 23 ಸಾವಿರ ಕೋಟಿ ಆಯ್ತು ಅಂತ ಟಿವಿಯಲ್ಲಿ ಚರ್ಚೆ ಆಗುತ್ತೆ. ತಡವಾದ ಆ ಅವಧಿಯಲ್ಲಿ ಎಷ್ಟು ಮಕ್ಕಳು ಎಂಟು ದಾಟಿದರು ಅನ್ನೋ ಕಾಲಂ ಯಾವ ವರದಿಯಲ್ಲೂ ಇರೋದಿಲ್ಲ. ಜನರಲ್ ಕಾಮೆಂಟ್ 26 ಈ ಕಾಲಂ ಬರೆಯೋಕೆ ಒಳ್ಳೆಯ ಜಾಗ ಆಗಿತ್ತು. ಮಕ್ಕಳ ದೇಹಕ್ಕೆ ಹಾನಿ ಬೇಗ ತಗಲುತ್ತೆ, ಎಳವೆಯಲ್ಲಿ ಆದದ್ದು ಜೀವನವಿಡೀ ಉಳಿಯುತ್ತೆ ಅನ್ನೋದು ಅದಕ್ಕೆ ಗೊತ್ತು. ಆದರೆ ಆ ತಿಳಿವಳಿಕೆಯಿಂದ ಒಂದು ಗಡುವನ್ನ ಅದು ಹುಟ್ಟಿಸೋದಿಲ್ಲ. ತುರ್ತು ಅನ್ನುತ್ತೆ, ಎಷ್ಟು ವರ್ಷದೊಳಗೆ ಅಂತ ಹೇಳೋದಿಲ್ಲ. ನಮ್ಮ ಇಲಾಖೆಗಳಿಗೆ ‘ತುರ್ತು’ ಅನ್ನೋ ಪದದ ಜೊತೆ ಬಾಳೋದು ಚೆನ್ನಾಗಿ ಗೊತ್ತು. ಕಡತದ ಮೇಲೆ ಅದೇ ಹೆಸರಿನ ಕೆಂಪು ಸೀಲು ಇರುತ್ತೆ.

ಮೂರನೆಯ ಆಕ್ಷೇಪ: ದಾಖಲೆ ಉದ್ದಕ್ಕೂ ‘ಪ್ರಭುತ್ವ’ವನ್ನ ಉದ್ದೇಶಿಸಿ ಮಾತಾಡುತ್ತೆ. ಆ ಪ್ರಭುತ್ವ ಶ್ರೀನಿವಾಸಪುರದಲ್ಲಿ ಯಾರು? ಕೆರೆ ಸಣ್ಣ ನೀರಾವರಿ ಇಲಾಖೆಯದೋ ಪಂಚಾಯಿತಿಯದೋ ಅನ್ನೋದು ಕೆರೆಯ ಅಚ್ಚುಕಟ್ಟಿನ ವಿಸ್ತೀರ್ಣದ ಮೇಲೆ. ನಲ್ಲಿ ಗ್ರಾಮೀಣ ಕುಡಿಯುವ ನೀರಿನ ಇಲಾಖೆಯದು. ಶಾಲೆಯ ಸಿಂಟೆಕ್ಸ್ ಶಿಕ್ಷಣ ಇಲಾಖೆಯದು. ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಇಲಾಖೆಯದು. ಹಲ್ಲು ಆರೋಗ್ಯ ಇಲಾಖೆಯದು. ಒಂದು ಮಗುವಿನ ಲೋಟದ ಸುತ್ತ ಇಷ್ಟು ಜನ ನಿಂತಿದ್ದಾರೆ, ಆದರೂ ಆ ಲೋಟದಲ್ಲಿರುವ ಫ್ಲೋರೈಡಿಗೆ ಉತ್ತರ ಕೊಡುವ ಒಂದು ಕುರ್ಚಿ ಇಲ್ಲ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಮನೆಗೆ ನಲ್ಲಿ ತಂದಿತು, ತಲೆಗೆ ದಿನಕ್ಕೆ 55 ಲೀಟರ್ ಅನ್ನೋ ಗುರಿ ಇಟ್ಟಿತು. 2020ರ ಅಕ್ಟೋಬರಿನಲ್ಲಿ ಶಾಲೆ, ಅಂಗನವಾಡಿಗಳಿಗೆ ಕೊಳಾಯಿ ನೀರು ಕೊಡೋಕೆ ನೂರು ದಿನದ ಅಭಿಯಾನವನ್ನೂ ಮಾಡಿತು. ಒಳ್ಳೆಯದೇ. ಆದರೆ ನಲ್ಲಿಯ ಹಿಂದಿರುವುದು ಅದೇ ಬೋರ್‌ವೆಲ್ ಆದರೆ ಪೈಪು ಮಾತ್ರ ಹೊಸದು.

ಮಕ್ಕಳ ಮಾತು ಕೇಳಿ ಅಂತ ದಾಖಲೆ ಒತ್ತಿ ಹೇಳುತ್ತೆ. ಈ ವಿಷಯದಲ್ಲಿ ಕರ್ನಾಟಕ ಜಿನೀವಾಕ್ಕೆ ಪಾಠ ಹೇಳಬಹುದು. ತೊಂಬತ್ತರ ದಶಕದಲ್ಲೇ ಕುಂದಾಪುರ ಕಡೆಯ ಹಳ್ಳಿಗಳಲ್ಲಿ ದುಡಿಯುವ ಮಕ್ಕಳ ಸಂಘಟನೆ ‘ಭೀಮ ಸಂಘ’ ಮತ್ತು ಅವರ ಜೊತೆಗಿದ್ದ ಸಂಸ್ಥೆ ಸೇರಿ ಮಕ್ಕಳ ಪಂಚಾಯಿತಿ ನಡೆಸಿದ್ದರು. 2006ರಲ್ಲಿ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳಲ್ಲೂ ಮಕ್ಕಳ ಗ್ರಾಮಸಭೆ ನಡೆಸಿ ಅಂತ ಸುತ್ತೋಲೆ ಹೊರಡಿಸಿತು. ಮಕ್ಕಳು ಬರ್ತಾರೆ, ಮೈಕ್ ಹಿಡೀತಾರೆ, ಶೌಚಾಲಯ ಇಲ್ಲ, ಬಸ್ ಇಲ್ಲ, ಕಾಂಪೌಂಡ್ ಇಲ್ಲ, ನೀರು ಚೆನ್ನಾಗಿಲ್ಲ ಅಂತಾರೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಮಾತಾಡುವ ಈ ಗಡಿ ತಾಲ್ಲೂಕುಗಳ ಮಕ್ಕಳು ಎದ್ದು ನಿಂತು ಪ್ರಶ್ನೆ ಕೇಳೋದೇ ದೊಡ್ಡದು. ತೊಂದರೆ ಏನಂದ್ರೆ, ನಾವು ಮಕ್ಕಳಿಗೆ ಮಾತಾಡೋಕೆ ಜಾಗ ಕೊಟ್ಟಿದ್ದು ಅಧಿಕಾರದ ಅತ್ಯಂತ ಕೆಳಗಿನ ಮೆಟ್ಟಿಲಲ್ಲಿ. ಪಂಚಾಯಿತಿ ನಲ್ಲಿಯ ವಾಷರ್ ಬದಲಾಯಿಸಬಹುದು. ಅಂತರ್ಜಲ ಅದರ ಕೈಯಲ್ಲಿಲ್ಲ. ಕೆರೆಗೆ ಯಾವ ನೀರು ಬರಬೇಕು ಅನ್ನೋದನ್ನ ಅದು ತೀರ್ಮಾನಿಸೋದಿಲ್ಲ. ಆ ತೀರ್ಮಾನ ಆಗೋದು ವಿಧಾನಸೌಧದಲ್ಲಿ, ಅಲ್ಲಿ ಮಕ್ಕಳ ಸಭೆ ಇಲ್ಲ.

ಕೆರೆಗೆ ಯಾವ ನೀರು ಅನ್ನೋ ಮಾತು ಬಂತಲ್ಲ, ಅಲ್ಲಿ ನೀವೂ ಇದ್ದೀರಿ. ಕೋರಮಂಗಲ, ಎಚ್‌ಎಸ್‌ಆರ್ ಲೇಔಟ್, ಬೆಳ್ಳಂದೂರು ಕಡೆ ಮನೆ ಮಾಡಿದ್ದರೆ ನಿಮ್ಮ ಬಚ್ಚಲ ನೀರಿಗೆ ಕೋಲಾರದ ದಾರಿ ಗೊತ್ತು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನ ಎರಡನೇ ಹಂತದ ತನಕ ಸಂಸ್ಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್ ಪಂಪ್ ಮಾಡಿ, 126 ಕೆರೆ ತುಂಬಿಸೋದು ಕೆ.ಸಿ. ವ್ಯಾಲಿ ಯೋಜನೆ. 2018ರ ಜೂನ್‌ನಲ್ಲಿ ಮೊದಲ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂತು. ಮುಂದಿನ ತಿಂಗಳೇ ನೊರೆ ಕಾಣಿಸಿಕೊಂಡಿತು. ಹೈಕೋರ್ಟ್ ತಡೆ ಕೊಟ್ಟಿತು, ಆಮೇಲೆ ಬಿಟ್ಟಿತು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಮತ್ತೆ ನೀರು ಹರಿಯಿತು. ಮೂರನೇ ಹಂತದ ಸಂಸ್ಕರಣೆ ಆಗಲೇಬೇಕು ಅಂತ ಅಲ್ಲಿನ ಹೋರಾಟಗಾರರು ಇವತ್ತಿಗೂ ಕೇಳ್ತಿದ್ದಾರೆ. ಇದು ಕುಡಿಯೋಕಲ್ಲ, ಅಂತರ್ಜಲ ಮರುಪೂರಣಕ್ಕೆ ಮಾತ್ರ ಅನ್ನೋದು ಸರ್ಕಾರದ ಉತ್ತರ.

ಈ ಯೋಜನೆಯನ್ನ ಸುಮ್ಮನೆ ಬೈಯೋದು ಸುಲಭ. ಆದರೆ ಒಣಗಿದ ಕೆರೆಯಲ್ಲಿ ನೀರು ನಿಂತಿದ್ದು, ಸುತ್ತಲಿನ ಬಾವಿ, ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದ್ದು ನಿಜ. ನೀರಿನ ಮಟ್ಟ ಮೇಲೆ ಬಂದರೆ ಆಳದ ಫ್ಲೋರೈಡ್ ನೀರಿನ ಮೇಲಿನ ಅವಲಂಬನೆ ತಗ್ಗಬಹುದು ಅನ್ನೋ ವಾದಕ್ಕೂ ಅರ್ಥ ಇದೆ. ಪ್ರಶ್ನೆ ಬೇರೆ. ಮರುಪೂರಣ ಆದ ನೀರನ್ನ ಕೊನೆಗೆ ಅದೇ ಊರಿನ ಜನ ಮೇಲೆತ್ತುತ್ತಾರೆ. ಫ್ಲೋರೈಡಿನ ಬದಲು ಇನ್ನೇನಾದರೂ ಅದರಲ್ಲಿ ಇಳಿಯುತ್ತಿದೆಯಾ ಅಂತ ನಿರಂತರವಾಗಿ ಪರೀಕ್ಷಿಸಿ, ಫಲಿತಾಂಶವನ್ನ ಆ ಊರಿನ ಮಕ್ಕಳ ಅಪ್ಪ ಅಮ್ಮನಿಗೆ ಅರ್ಥವಾಗುವ ಹಾಗೆ ಹೇಳೋದು ಯಾರ ಕೆಲಸ? ಮೂರನೇ ಹಂತವೂ ‘ಹಂತಹಂತವಾಗಿ’ಯೇ ಬರಬೇಕಾ? ಆ ಮೊದಲ ನೀರು ಬಂದ ತಿಂಗಳು ಲಕ್ಷ್ಮೀಸಾಗರದಲ್ಲಿ ಹುಟ್ಟಿದ ಮಗುವಿಗೆ 2026ರ ಜೂನ್‌ಗೆ ಎಂಟು ತುಂಬುತ್ತೆ.

ಬೆಂಗಳೂರು ಕೋಲಾರದ ಕಡೆ ಕಳಿಸೋದು ಬಚ್ಚಲ ನೀರು. ಕೋಲಾರದ ಕಡೆಯಿಂದ ಬರೋದು ಟೊಮೆಟೊ, ಹಾಲು, ಮಾವು, ಮಾಲೂರಿನ ಇಟ್ಟಿಗೆ. ಒಂದು ಕೆಜಿ ಟೊಮೆಟೊದೊಳಗೆ ಆ ಊರಿನ ಬೋರ್‌ವೆಲ್ ನೀರು ಕೂತು ನಗರಕ್ಕೆ ಬರುತ್ತೆ. ಇಟ್ಟಿಗೆ ಭಟ್ಟಿಗಳಲ್ಲಿ ಕೆಲಸ ಮಾಡುವವರಲ್ಲಿ ಹೊರರಾಜ್ಯದಿಂದ ವಲಸೆ ಬಂದವರೂ ಇದ್ದಾರೆ. ಭಟ್ಟಿಯ ಪಕ್ಕದ ಶೆಡ್ಡಿನಲ್ಲಿ ಬೆಳೆಯುವ ಮಗುವಿನ ಹೆಸರು ಆ ಊರಿನ ಶಾಲೆಯ ಹಾಜರಿಯಲ್ಲಿ ಇಲ್ಲದಿದ್ದರೆ ಅದು ಮಕ್ಕಳ ಗ್ರಾಮಸಭೆಗೂ ಬರೋದಿಲ್ಲ. ಬಿಸಿಲು, ಬೆಂಕಿ ಎರಡರ ನಡುವೆ ಹೆಚ್ಚು ನೀರು ಕುಡಿಯುವ ಮಗು ಅದೇ. ಯಾವ ಬೋರ್‌ವೆಲ್ಲಿನ ನೀರು ಅಂತ ಕೇಳೋಕೆ ಯಾರಿಗೂ ಕಾರಣ ಇಲ್ಲದ ಮಗುವೂ ಅದೇ.

ಹಾಗಾದ್ರೆ ಕೋರ್ಟಿಗೆ ಹೋಗಬಹುದಲ್ವಾ? ಉತ್ತರಾಖಂಡದ ರಿಧಿಮಾ ಪಾಂಡೆ ಒಂಬತ್ತನೇ ವಯಸ್ಸಿನಲ್ಲಿ, 2017ರಲ್ಲಿ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದಳು. 2019ರಲ್ಲಿ ಅರ್ಜಿ ವಜಾ ಆಯ್ತು. ಅದೇ ವರ್ಷ ಅವಳು, ಗ್ರೇಟಾ ಮತ್ತು ಬೇರೆ ದೇಶಗಳ ಮಕ್ಕಳು, ಒಟ್ಟು 16 ಜನ, ಇದೇ ಮಕ್ಕಳ ಹಕ್ಕುಗಳ ಸಮಿತಿಯ ಮುಂದೆ ಐದು ದೇಶಗಳ ವಿರುದ್ಧ ದೂರು ಕೊಟ್ಟರು. ಮೊದಲು ನಿಮ್ಮ ನಿಮ್ಮ ಅಹವಾಲನ್ನ ಆಯಾ ದೇಶದ ಕೋರ್ಟುಗಳಲ್ಲೇ ಮುಗಿಸಿಕೊಂಡು ಬನ್ನಿ ಅಂತ ಸಮಿತಿ 2021ರಲ್ಲಿ ವಾಪಸ್ ಕಳಿಸಿತು. 2024ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವ ಹಕ್ಕು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಇದೆ ಅಂತ ಗುರುತಿಸಿತು. ಆ ಮೊಕದ್ದಮೆ ಇದ್ದದ್ದು ಹೆಬ್ಬಕ ಅನ್ನೋ ಹಕ್ಕಿ ಮತ್ತು ವಿದ್ಯುತ್ ತಂತಿಗಳ ಬಗ್ಗೆ. ಹಕ್ಕು ಸಿಕ್ಕಿತು ಅನ್ನೋದು ದೊಡ್ಡದು. ಆದರೆ ಕೋರ್ಟಿನ ಕ್ಯಾಲೆಂಡರ್ ಕೂಡ ಎಂಟು ವರ್ಷಕ್ಕೆ ಸುಲಭವಾಗಿ ಮುಗಿಯೋದಿಲ್ಲ.

ಬರೀ ಆಕ್ಷೇಪ ಹೇಳಿ ಎದ್ದು ಹೋಗೋದು ವಿಮರ್ಶಕರ ಹಳೆಯ ಚಾಳಿ. ಹಾಗಾಗಿ ಒಂದು ಲೆಕ್ಕ ಕೊಡ್ತೀನಿ, ಫೋನಿನ ಕ್ಯಾಲ್ಕುಲೇಟರ್ ಸಾಕು. ನೂರು ಚದರ ಮೀಟರ್ ಚಾವಣಿಯ ಒಂದು ಹಳ್ಳಿ ಶಾಲೆ. ವರ್ಷಕ್ಕೆ 700 ಮಿಲಿಮೀಟರ್ ಮಳೆ ಅಂದರೆ ಚಾವಣಿಯ ಮೇಲೆ ಬೀಳೋದು 70 ಸಾವಿರ ಲೀಟರ್. ಐದರಲ್ಲಿ ಒಂದು ಪಾಲು ನಷ್ಟ ಅಂತ ಬಿಟ್ಟರೂ 56 ಸಾವಿರ ಲೀಟರ್ ಸಿಗುತ್ತೆ. ಅರವತ್ತು ಮಕ್ಕಳಿಗೆ, ಕುಡಿಯೋಕೆ ಮತ್ತು ಬಿಸಿಯೂಟದ ಅಡುಗೆಗೆ ಸೇರಿ ತಲೆಗೆ ಮೂರು ಲೀಟರ್ ಹಿಡಿದರೆ 220 ಶಾಲಾ ದಿನಗಳಿಗೆ 39,600 ಲೀಟರ್ ಬೇಕು. ಆಕಾಶದ ನೀರಿನಲ್ಲಿ ಫ್ಲೋರೈಡಿನ ತಾಪತ್ರಯ ಇಲ್ಲ. ಸ್ವಚ್ಛವಾದ ಚಾವಣಿ, ಸೋಸುವ ವ್ಯವಸ್ಥೆ, ಮುಚ್ಚಿದ ತೊಟ್ಟಿ ಬೇಕು, ಅಷ್ಟೇ. ಇದು ಹೊಸ ಐಡಿಯಾ ಅಲ್ಲ. ರಾಜ್ಯದ ಸುವರ್ಣ ಮಹೋತ್ಸವದ ಹೊತ್ತಿನಲ್ಲಿ ‘ಸುವರ್ಣ ಜಲ’ ಅನ್ನೋ ಹೆಸರಿನಲ್ಲಿ ಸಾವಿರಾರು ಗ್ರಾಮೀಣ ಶಾಲೆಗಳಿಗೆ ಇದನ್ನೇ ಮಾಡಿದ್ದರು. ನೋಡಿಕೊಳ್ಳೋರಿಲ್ಲದೆ ಎಷ್ಟೋ ಕಡೆ ಕೆಟ್ಟುಹೋಯಿತು. ಕೆಟ್ಟಿದ್ದು ಸುಣ್ಣ, ಸಿಮೆಂಟು, ಪೈಪಿನ ಮಟ್ಟದಲ್ಲಿ. ಸಾವಿರಾರು ಕೋಟಿಯ ಕಾಲುವೆ ಬರೋ ತನಕ ಕಾಯೋ ಅಗತ್ಯ ಇಲ್ಲದ ಕೆಲಸ ಇದು.

ನಮ್ಮ ಊರುಗಳಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕೊಡುವ ಶುದ್ಧ ನೀರಿನ ಘಟಕಗಳಿವೆ. ಅವು ಫ್ಲೋರೈಡನ್ನ ತೆಗೆಯುತ್ತವೆ, ಆದರೆ ಒಳಗೆ ಹೋದ ನೀರಿನ ದೊಡ್ಡ ಪಾಲನ್ನ ಚರಂಡಿಗೆ ಬಿಡುತ್ತವೆ, ಮತ್ತು ಕೆಟ್ಟು ನಿಂತ ದಿನ ಮನೆಯವರು ಮತ್ತೆ ನಲ್ಲಿಗೆ ಹೋಗ್ತಾರೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದಾಗ ಫ್ಲೋರೈಡಿನ ಕಾಟ ಜಾಸ್ತಿ. ರಾಗಿಯಲ್ಲಿ, ಹಾಲಿನಲ್ಲಿ ಕ್ಯಾಲ್ಸಿಯಂ ಇದೆ. ಎರಡೂ ಕೋಲಾರದ್ದೇ ಬೆಳೆ, ಕೋಲಾರದ್ದೇ ಉತ್ಪನ್ನ. ಕ್ಷೀರಭಾಗ್ಯದ ಲೋಟ ಹಾಲು ಇಲ್ಲಿ ಬರೀ ಪೌಷ್ಟಿಕತೆಯ ಯೋಜನೆ ಅಲ್ಲ, ನೀರಿನ ವಿರುದ್ಧ ಸಣ್ಣದೊಂದು ತಡೆಗೋಡೆಯೂ ಹೌದು.

ಇಷ್ಟೆಲ್ಲ ಆದರೂ ಮುಖ್ಯವಾದದ್ದು ಗಡುವು. ಜನರಲ್ ಕಾಮೆಂಟ್ 26ಕ್ಕೆ ಕೋಲಾರದಿಂದ ಒಂದು ತಿದ್ದುಪಡಿ ಕಳಿಸುವುದಾದರೆ ನಾನು ಹೀಗೆ ಬರೀತೀನಿ: ಮಗುವಿನ ದೇಹ ತಾನಾಗಿ ಒಂದು ಗಡುವನ್ನ ಹಾಕಿಕೊಂಡಿರುವ ಕಡೆ ಸರ್ಕಾರಕ್ಕೆ ‘ಹಂತಹಂತವಾಗಿ’ ಅನ್ನುವ ಹಕ್ಕಿಲ್ಲ. ದೊಡ್ಡ ಯೋಜನೆ ಬರೋದು ಹತ್ತು ವರ್ಷಕ್ಕೆ ಆದರೆ, ಈ ವರ್ಷ ಹುಟ್ಟಿದ ಮಗು ಎಂಟು ದಾಟುವ ತನಕ ಏನು ಕುಡಿಯುತ್ತೆ ಅನ್ನೋದನ್ನ ಅದೇ ಯೋಜನಾ ವರದಿಯಲ್ಲಿ ಬರೆಯಬೇಕು, ಅದಕ್ಕೂ ದುಡ್ಡು ಇಡಬೇಕು.

ನಾವು ಮಾಡಬಹುದಾದ್ದು ಇನ್ನೂ ಚಿಕ್ಕದು. ನಿಮ್ಮ ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ತಂಡ ಮುಂದಿನ ಸಲ ಕೋಲಾರದ ಶಾಲೆಗೆ ಗೋಡೆ ಬಣ್ಣ ಹಚ್ಚೋಕೆ, ಗಿಡ ನೆಡೋಕೆ ಹೊರಟಾಗ ಒಂದು ಪ್ರಶ್ನೆ ಕೇಳಿ. ಈ ಶಾಲೆಯ ಮಕ್ಕಳು ಕುಡಿಯುವ ನೀರಿನಲ್ಲಿ ಲೀಟರಿಗೆ ಎಷ್ಟು ಮಿಲಿಗ್ರಾಂ ಫ್ಲೋರೈಡ್ ಇದೆ, ಕೊನೆಯ ಸಲ ಪರೀಕ್ಷೆ ಮಾಡಿದ್ದು ಯಾವಾಗ? ಉತ್ತರ ಸಿಕ್ಕರೆ ಆ ಸಂಖ್ಯೆ ಮತ್ತು ತಾರೀಕನ್ನ ಅದೇ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಕನ್ನಡದಲ್ಲಿ ಬರೆಸಿ, ಪಕ್ಕದಲ್ಲಿ ತೆಲುಗಿನಲ್ಲೂ ಬರೆಸಿ, ಅಜ್ಜಿಯಂದಿರೂ ಓದಲಿ. ಉತ್ತರ ಸಿಗದಿದ್ದರೆ ಬಣ್ಣದ ಡಬ್ಬ ಆಮೇಲೆ ತೆರೆಯಬಹುದು, ಮೊದಲು ನೀರಿನ ಮಾದರಿ ತಗೊಂಡು ಲ್ಯಾಬಿಗೆ ಕಳಿಸಿ.